ಪ್ರೊಸೋಲೊ ಡಿಒ ಮೀಟರ್: ಯಂತ್ರ ಗಟ್ಟಿ, ಎಡವಟ್ಟೆಲ್ಲ ಒತ್ತಡದ ಅಂಕಿಯಲ್ಲಿ

ಪರಿಸರ ಪರಿಣಾಮ ಅಂದಾಜಿನ (ಇಐಎ) ವರದಿಯ ಜಲಪರಿಸರ ಅಧ್ಯಾಯದಲ್ಲಿ ಸುಲಭವಾಗಿ ಕೆಡುವ ಅಂಕಿ ನೀರಿನಲ್ಲಿ ಕರಗಿದ ಆಮ್ಲಜನಕದ್ದು, ಅಂದರೆ ಡಿಒದ್ದು. ನೈಟ್ರೇಟ್, ಬಿಒಡಿ (ಕೊಳೆ ತಿನ್ನುವ ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ) ಬಾಟಲಿಗಳು ಐಸ್ ಡಬ್ಬದಲ್ಲಿ ಲ್ಯಾಬ್ ಸೇರಿದರೂ ನಡೆದೀತು. ಡಿಒ ಹಾಗಲ್ಲ. ಹೊಳೆಯ ದಂಡೆಯಲ್ಲೇ ಅಳೆಯಬೇಕು, ಇಲ್ಲವೇ ಅಲ್ಲೇ ರಾಸಾಯನಿಕ ಹಾಕಿ ಕಟ್ಟಿಹಾಕಬೇಕು. ಈ ಕೆಲಸಕ್ಕೆ ವೈಎಸ್‌ಐ ಕಂಪನಿಯ ಪ್ರೊಸೋಲೊ, ಅಂದರೆ ಬೆಳಕಿನ ಸೆನ್ಸರಿನ ಕೈಮೀಟರ್, ಕೊಟ್ಟ ದುಡ್ಡಿಗೆ ಮೋಸವಿಲ್ಲದ ಯಂತ್ರ. ದುಡ್ಡೇನೂ ಕಡಿಮೆಯಲ್ಲ, ಲಕ್ಷಗಳ ಲೆಕ್ಕ.

ಹಳೆಯ ಪೊರೆಯ ಸೆನ್ಸರ್ ಬಳಸಿದವರಿಗೆ ವ್ಯತ್ಯಾಸ ಕೂಡಲೇ ತಿಳಿಯುತ್ತದೆ. ಅದು ಅಳೆಯುತ್ತಲೇ ಆಮ್ಲಜನಕವನ್ನು ತಿನ್ನುತ್ತಿತ್ತು. ನಿಂತ ನೀರಿನಲ್ಲಿ ಕಲಕುತ್ತಾ ಇರದಿದ್ದರೆ ಅಂಕಿ ಇಳಿಯುತ್ತಾ ಹೋಗುತ್ತಿತ್ತು. ಕೆರೆಯ ತಳದ ಕೊಳೆತ ಕೆಸರಿನ ಹೈಡ್ರೋಜನ್ ಸಲ್ಫೈಡ್ ತಗುಲಿದರೆ ಎಲೆಕ್ಟ್ರೋಡ್ ಕೆಡುತ್ತಿತ್ತು. ಬೆಳಕಿನ ಸೆನ್ಸರ್‌ನಲ್ಲಿ ಈ ತಾಪತ್ರಯಗಳಿಲ್ಲ. ನೀಲಿ ಬೆಳಕು ಬಿದ್ದಾಗ ಸೆನ್ಸರ್ ತುದಿಯ ಕ್ಯಾಪಿನ ಬಣ್ಣದ ಪದರ ಹೊಳೆಯುತ್ತದೆ. ಆಮ್ಲಜನಕ ಹೆಚ್ಚಿದ್ದಷ್ಟೂ ಆ ಹೊಳಪು ಬೇಗ ಆರುತ್ತದೆ. ಯಂತ್ರ ಅಳೆಯುವುದು ಆರುವ ಆ ಹೊತ್ತನ್ನೇ. ಆದರೂ ನಿಂತ ನೀರಿನಲ್ಲಿ ಪ್ರೋಬನ್ನು (ನೀರಿಗಿಳಿಸುವ ಸೆನ್ಸರ್ ತುದಿಯನ್ನು) ಮೆಲ್ಲಗೆ ಆಡಿಸಿ: ಕ್ಯಾಪಿಗೆ ಅಂಟಿದ ಗುಳ್ಳೆ ಬಿಡುತ್ತದೆ, ಅಂಕಿ ಬೇಗ ನಿಲ್ಲುತ್ತದೆ.

ಈಗ ಒತ್ತಡದ ಮಾತು. ಗಾಳಿಯ ಒತ್ತಡ ಇಳಿದಷ್ಟೂ ನೀರು ಹಿಡಿಯುವ ಆಮ್ಲಜನಕ ಇಳಿಯುತ್ತದೆ. ಮೀಟರಿನೊಳಗೇ ಆ ಒತ್ತಡ ಅಳೆಯುವ ಬ್ಯಾರೋಮೀಟರ್ ಇದೆ. ಮೀಟರ್ ತೋರಿಸುವ ಒತ್ತಡವೂ ಫೋನಿನ ಹವಾಮಾನ ಆ್ಯಪ್ ತೋರಿಸುವುದೂ ಹೊಂದುತ್ತಿಲ್ಲವೆಂದು ಕೆಲವರು ಅದನ್ನು 'ಸರಿ' ಮಾಡುತ್ತಾರೆ. ಎಡವಟ್ಟು ಶುರುವಾಗುವುದು ಇಲ್ಲೇ. ಹವಾಮಾನದ ಅಂಕಿಯನ್ನು ಸಾಮಾನ್ಯವಾಗಿ ಸಮುದ್ರಮಟ್ಟದ ಲೆಕ್ಕಕ್ಕೆ ತಿರುಗಿಸಿ ಕೊಟ್ಟಿರುತ್ತಾರೆ. ಕ್ಯಾಲಿಬ್ರೇಶನ್‌ಗೆ (ಗೊತ್ತಿರುವ ಮಟ್ಟಕ್ಕೆ ಮೀಟರನ್ನು ಹೊಂದಿಸುವುದಕ್ಕೆ) ಬೇಕಾದದ್ದು ನೀವು ನಿಂತ ಜಾಗದ ನಿಜವಾದ ಒತ್ತಡ. ಮಡಿಕೇರಿಯ ಎತ್ತರ ಸುಮಾರು 1,150 ಮೀಟರ್, ಅಲ್ಲಿ ಒತ್ತಡ 660 ಮಿ.ಮೀ. ಪಾದರಸದ ಆಸುಪಾಸು. ಅಲ್ಲಿ ಸಮುದ್ರಮಟ್ಟದ 760 ತುಂಬಿ ಕ್ಯಾಲಿಬ್ರೇಟ್ ಮಾಡಿದರೆ, 20 ಡಿಗ್ರಿಯ ತಂಪು ತೊರೆಯಲ್ಲಿ ಪೂರ್ಣ ಕರಗಿದಾಗ ಲೀಟರಿಗೆ 7.9 ಮಿ.ಗ್ರಾಂ. ಇರಬೇಕಾದ ಡಿಒ 9.1 ಎಂದು ಬರುತ್ತದೆ. ಪ್ರತಿ ಅಂಕಿಯೂ ಶೇ. 15ರಷ್ಟು ಉಬ್ಬಿರುತ್ತದೆ. ನೀರನ್ನು ಬಳಕೆಗೆ ತಕ್ಕಂತೆ ವಿಂಗಡಿಸುವ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದಲ್ಲಿ 'ಎ' ವರ್ಗಕ್ಕೆ ಲೀಟರಿಗೆ 6 ಮಿ.ಗ್ರಾಂ., 'ಬಿ'ಗೆ 5, 'ಸಿ' ಮತ್ತು 'ಡಿ'ಗೆ 4 ಮಿ.ಗ್ರಾಂ. ಡಿಒ ಬೇಕು. ನಿಜದಲ್ಲಿ 5.2 ಇರುವ ಹೊಳೆ ಈ ಒಂದು ತಪ್ಪಿನಿಂದ 6.0 ಆಗಿ ಮೇಲಿನ ವರ್ಗಕ್ಕೆ ಜಿಗಿಯುತ್ತದೆ. ಯೋಜನೆ ಬಂದ ಮೇಲೆ ಸರಿಯಾಗಿ ಅಳೆದವರಿಗೆ ನೀರು ಹಾಳಾದಂತೆ ಕಾಣುತ್ತದೆ!

ಇದರ ತಮ್ಮನಂಥ ಇನ್ನೊಂದು ಗೊಂದಲ ಶೇಕಡಾ ಅಂಕಿಯದು, ಅಂದರೆ ಪೂರ್ಣ ಕರಗಬಹುದಾದುದರಲ್ಲಿ ಎಷ್ಟು ಪಾಲು ಕರಗಿದೆ ಎಂಬುದು. ಮೀಟರ್ 'ಡಿಒ ಪರ್ಸೆಂಟ್' ಎಂದರೆ ಸಮುದ್ರಮಟ್ಟದ ಒತ್ತಡಕ್ಕೆ ಹೋಲಿಸಿ ಹೇಳುತ್ತದೆ. 'ಲೋಕಲ್' ಆಯ್ಕೆ ನಿಂತ ಜಾಗಕ್ಕೆ ಹೋಲಿಸಿ ಹೇಳುತ್ತದೆ. ಬೆಂಗಳೂರಿನಲ್ಲಿ ಗಾಳಿಯೊಂದಿಗೆ ಸಮತೋಲದಲ್ಲಿರುವ ಶುದ್ಧ ನೀರು ಮೊದಲನೆಯದರಲ್ಲಿ 89–90, ಎರಡನೆಯದರಲ್ಲಿ 100. ಯಾವುದನ್ನು ಬರೆದಿದ್ದೀರಿ ಎಂದು ಕೋಷ್ಟಕದಲ್ಲೇ ಹೇಳಿಬಿಡಿ.

ಕ್ಯಾಲಿಬ್ರೇಶನ್ ಸಲೀಸು. ತೋಳಿನಂಥ ಶೇಖರಣಾ ಕವಚದ ಸ್ಪಂಜನ್ನು ಒದ್ದೆ ಮಾಡಿ, ಪ್ರೋಬ್ ಒಳಗಿಟ್ಟು, ಹತ್ತು ಹದಿನೈದು ನಿಮಿಷ ನೆರಳಿನಲ್ಲಿ ಬಿಡಿ. ಕವಚವನ್ನು ಬಿಗಿಯಾಗಿ ಮುಚ್ಚಬಾರದು, ಹೊರಗಿನ ಗಾಳಿಯ ಒತ್ತಡ ಒಳಗೂ ಇರಬೇಕು. ಕ್ಯಾಪಿನ ಮೇಲಾಗಲಿ ತಾಪಮಾನದ ಸೆನ್ಸರ್ ಮೇಲಾಗಲಿ ಹನಿ ನಿಂತಿರಬಾರದು. ಜೀಪಿನ ಬಾನೆಟ್ ಮೇಲೆ ಬಿಸಿಲಿಗಿಟ್ಟು ಕ್ಯಾಲಿಬ್ರೇಟ್ ಮಾಡುವುದು ನಮ್ಮ ಕಡೆಯ ದೊಡ್ಡ ದುರಭ್ಯಾಸ. ಸೊನ್ನೆ ಸರಿಯಿದೆಯೇ ಎಂದು ನೋಡಲು ಅರ್ಧ ಲೀಟರ್ ನೀರಿಗೆ 8–10 ಗ್ರಾಂ ಸೋಡಿಯಂ ಸಲ್ಫೈಟ್ ಕರಗಿಸಿದರೆ ಸಾಕು. ಆಮೇಲೆ ಪ್ರೋಬನ್ನು ಚೆನ್ನಾಗಿ ತೊಳೆಯಿರಿ.

ಕೇಬಲ್ ಕೊಳ್ಳುವಾಗ ಜಿಪುಣತನ ಬೇಡ. 1 ಮೀಟರ್‌ನಿಂದ 100 ಮೀಟರ್‌ವರೆಗೆ ಸಿಗುತ್ತದೆ. ಮಲೆನಾಡಿನ ಹಳ್ಳ, ತೊರೆಗೆ 4 ಮೀಟರ್ ಧಾರಾಳ. ಲಿಂಗನಮಕ್ಕಿಯಂಥ ಜಲಾಶಯಕ್ಕೆ ಅದು ಯಾತಕ್ಕೂ ಸಾಲದು: ಬೇಸಿಗೆಯಲ್ಲಿ ಮೇಲಿನ ಬಿಸಿ ನೀರು, ಕೆಳಗಿನ ತಂಪು ನೀರು ಬೇರೆ ಬೇರೆ ಪದರವಾಗಿ ನಿಲ್ಲುತ್ತವೆ, ಆಮ್ಲಜನಕ ಕುಸಿಯುವುದು ಕೆಳಗೆ. ಮೇಲ್ಮೈಯ ಒಂದೇ ಅಂಕಿ ಕೊಟ್ಟು ಜಲಾಶಯದ ವಿವರ ಮುಗಿಸಿದ ವರದಿಗೆ ಬೆಲೆಯಿಲ್ಲ. ಪ್ರತಿ ಮೀಟರಿಗೊಮ್ಮೆ ನಿಲ್ಲಿಸಿ, ಅಂಕಿ ನಿಂತ ಮೇಲೆ ಸೇವ್ ಮಾಡುತ್ತಾ ಇಳಿಸಬೇಕು. ಸೆಳವಿದ್ದರೆ ತೂಕ ಕಟ್ಟಿ, ಇಲ್ಲದಿದ್ದರೆ ಕೇಬಲ್ ಓರೆಯಾಗಿ ಆಳದ ಲೆಕ್ಕ ತಪ್ಪುತ್ತದೆ.

ಅಳಿವೆಯಲ್ಲಿ ಕೆಲಸವಿದ್ದರೆ ವಾಹಕತೆಯನ್ನೂ (ಉಪ್ಪಿನಂಶ ತಿಳಿಯುವುದು ಇದರಿಂದ) ಅಳೆಯುವ ಕೇಬಲ್ಲನ್ನೇ ತೆಗೆದುಕೊಳ್ಳಿ. ಬರೀ ಡಿಒ ಕೇಬಲ್ ಆದರೆ ಉಪ್ಪಿನಂಶವನ್ನು ಕೈಯಾರೆ ತುಂಬಬೇಕು. ಅಘನಾಶಿನಿಯಲ್ಲಿ ಭರತ-ಇಳಿತದೊಂದಿಗೆ ಉಪ್ಪು ಗಂಟೆಗಂಟೆಗೂ ಬದಲಾಗುವಾಗ ಅದನ್ನು ನೆನಪಿಟ್ಟು ತುಂಬುವವರು ಯಾರು? 25 ಡಿಗ್ರಿಯಲ್ಲಿ ಸಿಹಿನೀರು 8.3 ಮಿ.ಗ್ರಾಂ. ಹಿಡಿದರೆ ಸಮುದ್ರದ ನೀರು ಹಿಡಿಯುವುದು 6.7ರ ಆಸುಪಾಸು. ಉಪ್ಪು ಸೊನ್ನೆ ಎಂದೇ ಬಿಟ್ಟರೆ ಬಳಚು (ಚಿಪ್ಪುಮೀನು) ಬೆಳೆಯುವ ಜಾಗಕ್ಕೆ ಇಲ್ಲದ ಆಮ್ಲಜನಕವನ್ನು ದಾನ ಮಾಡಿದಂತೆ.

ಕೊರತೆಗಳೂ ಇವೆ. ಜಿಪಿಎಸ್ ಇಲ್ಲ, ಜಾಗದ ಗುರುತನ್ನು ಬೇರೆ ಬರೆದುಕೊಳ್ಳಬೇಕು. ಕ್ಯಾಪು ಸವೆಯುವ ವಸ್ತು, ಎರಡು ವರ್ಷಕ್ಕೊಂದರ ಖರ್ಚನ್ನು ಬಜೆಟ್ಟಿನಲ್ಲೇ ಇಡಿ. ಹೊಸದರ ಜತೆ ಬರುವ ಹಾಳೆಯಲ್ಲಿ ಅದೇ ಕ್ಯಾಪಿನ ಗುಣಾಂಕಗಳಿರುತ್ತವೆ. ಅವನ್ನು ಯಂತ್ರಕ್ಕೆ ತುಂಬದಿದ್ದರೆ ಹೊಸ ಕ್ಯಾಪಿಗೆ ಹಳೆಯ ಲೆಕ್ಕ. ಕ್ಯಾಪು ಒಣಗಿದ್ದರೆ ಒಂದು ದಿನ ನೀರಿನಲ್ಲಿ ನೆನೆಸಿ ಆಮೇಲೆ ಕ್ಯಾಲಿಬ್ರೇಟ್ ಮಾಡಿ. ಸ್ಪಿರಿಟ್ ಹಾಕಿ ಒರೆಸಬೇಡಿ, ಪದರ ಹಾಳಾಗುತ್ತದೆ.

ಇಷ್ಟಾದರೂ ರಾಸಾಯನಿಕ ಹಾಕಿ ಡಿಒ ಅಳೆಯುವ ವಿಂಕ್ಲರ್ ಪೆಟ್ಟಿಗೆಯನ್ನು ಮನೆಯಲ್ಲಿ ಬಿಡಬೇಡಿ. ದಿನಕ್ಕೊಂದು ತಾಣದಲ್ಲಿ ಹೋಲಿಸಿ ನೋಡಿ: 300 ಮಿ.ಲೀ. ಬಾಟಲಿಯನ್ನು ಗುಳ್ಳೆಯಿಲ್ಲದಂತೆ ತುಂಬಿ, ಮ್ಯಾಂಗನೀಸ್ ಸಲ್ಫೇಟ್ 1 ಮಿ.ಲೀ., ಕ್ಷಾರ-ಅಯೋಡೈಡ್-ಅಜೈಡ್ 1 ಮಿ.ಲೀ.; ಗಸಿ ಇಳಿದ ಮೇಲೆ ಸಲ್ಫ್ಯೂರಿಕ್ ಆಮ್ಲ 1 ಮಿ.ಲೀ. ಅದರಲ್ಲಿ 201 ಮಿ.ಲೀ. ತೆಗೆದು 0.025 ಮೋಲಾರ್ ಥಯೋಸಲ್ಫೇಟಿನಿಂದ ಟೈಟ್ರೇಟ್ ಮಾಡಿದರೆ (ಬಣ್ಣ ಹೋಗುವವರೆಗೆ ಹನಿಹನಿಯಾಗಿ ಬೆರೆಸಿದರೆ), ಖರ್ಚಾದ ಪ್ರತಿ ಮಿ.ಲೀ.ಗೂ ಲೀಟರಿಗೆ 1 ಮಿ.ಗ್ರಾಂ. ಡಿಒ. ಆ ಹೆಚ್ಚುವರಿ 1 ಮಿ.ಲೀ. ಮೊದಲೆರಡು ದ್ರಾವಣಗಳು ಹೊರದಬ್ಬಿದ ನೀರಿನ ಲೆಕ್ಕಕ್ಕೆ. ಮೀಟರಿಗೂ ಇದಕ್ಕೂ 0.3 ಮಿ.ಗ್ರಾಂ.ಗಿಂತ ಹೆಚ್ಚು ಅಂತರ ಬಂದರೆ ಮೊದಲು ಒತ್ತಡದ ಅಂಕಿ ನೋಡಿ, ಆಮೇಲೆ ಕ್ಯಾಪು.

ಕೊನೆಗೆ, ಮೀಟರ್ ಕೊಂಡವರು ಅದನ್ನು ಬೆಳಗಿನ ಜಾವಕ್ಕೂ ಒಯ್ಯಿರಿ. ಪಾಚಿ ಕಟ್ಟಿದ ಕೆರೆಯಲ್ಲಿ ಮಧ್ಯಾಹ್ನ ಎರಡಕ್ಕೆ ಶೇ. 100 ದಾಟುವ ಡಿಒ, ರಾತ್ರಿಯಿಡೀ ಉಸಿರಾಟಕ್ಕೆ ಖರ್ಚಾಗಿ, ಸೂರ್ಯ ಹುಟ್ಟುವ ಮುಂಚೆ ತೀರಾ ಕೆಳಗಿರುತ್ತದೆ. ಮೀನು ಸಾಯುವುದು ಆ ಹೊತ್ತಿನಲ್ಲಿ. ವರದಿಗಳ ಅಂಕಿಗಳು ಹೆಚ್ಚಾಗಿ ತಿಂಡಿ ಮುಗಿಸಿ ಹೊರಟ ಮೇಲಿನವು.