ಡರ್ಹಮ್ ಬುಲ್ಸ್ ಮೈದಾನ: ಆಟೋಗ್ರಾಫಿಗೆ ಭೇಷ್, ಚೆಂಡು ಸಿಗೋದು ಕಷ್ಟ

ನಾರ್ತ್ ಕ್ಯಾರೊಲೈನಾದ ಡರ್ಹಮ್ ಬುಲ್ಸ್ ಅಥ್ಲೆಟಿಕ್ ಪಾರ್ಕ್ ಅನ್ನುವ ಬೇಸ್‌ಬಾಲ್ ಮೈದಾನ ಶುರುವಾಗಿದ್ದು 1995ರಲ್ಲಿ. ಸುಮಾರು 10,000 ಜನ ಕೂರಬಹುದು. ಬುಲ್ಸ್ 1998ರಿಂದ ಟ್ಯಾಂಪಾ ಬೇ ರೇಸ್‌ನ ಟ್ರಿಪಲ್-ಎ ತಂಡ, ಅಂದರೆ ಅಮೆರಿಕದ ಅತಿ ದೊಡ್ಡ ಬೇಸ್‌ಬಾಲ್ ಲೀಗಾದ ಮೇಜರ್ ಲೀಗಿಗೆ ಒಂದೇ ಮೆಟ್ಟಿಲು ಬಾಕಿ. ಇವತ್ತು ಕಟಕಟೆ ಪಕ್ಕ ನಿಂತು ಸಹಿ ಹಾಕಿದ ಹುಡುಗ ಮುಂದಿನ ವಾರ ಟಿವಿಯಲ್ಲಿ ಕಾಣಿಸಬಹುದು. ಗಾಯದಿಂದ ಚೇತರಿಸಿಕೊಳ್ಳುತ್ತಿರುವ ದೊಡ್ಡ ಆಟಗಾರರೂ ಇಂಥ ತಂಡಗಳಿಗೆ ಬಂದು ಆಡುತ್ತಾರೆ. ಪಿಚರ್ (ಚೆಂಡೆಸೆಯುವವ) ಆದರೆ 30 ದಿನ, ಉಳಿದವರಿಗೆ 20 ದಿನದವರೆಗೆ ಅವಕಾಶ. ರಾಲೀ, ಕ್ಯಾರಿ, ಮಾರಿಸ್ವಿಲ್ ಕಡೆಯ ಕನ್ನಡಿಗರಿಗಂತೂ ಇದು ಮನೆ ಹತ್ತಿರದ ಮೈದಾನ.

ಸರಣಿ ಸಾಮಾನ್ಯವಾಗಿ ಮಂಗಳವಾರದಿಂದ ಭಾನುವಾರ, ಎದುರಾಳಿ ಒಂದೇ ತಂಡ. ಮಂಗಳವಾರ ತಪ್ಪಿದ ಸಹಿ ಗುರುವಾರ ಸಿಗುತ್ತದೆ. ವಾರಾಂತ್ಯದ ನೂಕುನುಗ್ಗಲಿಗಿಂತ ವಾರದ ನಡುವಿನ ದಿನವೇ ವಾಸಿ. ಗೇಟು ತೆರೆಯುತ್ತಲೇ ಒಳಗೆ ಹೋಗಿ, ಡಗ್‌ಔಟ್ (ಆಟಗಾರರು ಕೂರುವ ಜಾಗ) ದಾಟಿ, ಕಟಕಟೆ ಪಕ್ಕ ನಿಲ್ಲಿ. ಆಟಗಾರರು ಮೈ ಸಡಿಲಿಸಿ, ಚೆಂಡು ಎಸೆದು ಅಭ್ಯಾಸ ಮುಗಿಸಿ ವಾಪಸ್ ಬರುವಾಗ ಸಹಿ ಕೇಳಬೇಕು. ಆ ದಿನದ ಆರಂಭಿಕ ಪಿಚರ್‌ನನ್ನು ಮಾತ್ರ ಕೆಣಕಬೇಡಿ, ಅವನು ಹಾಕುವುದಿಲ್ಲ. ಆಟಗಾರರ ಪಟ್ಟಿಯನ್ನು ಅದೇ ದಿನ ಬೆಳಿಗ್ಗೆ ಪ್ರಿಂಟ್ ಮಾಡಿಕೊಳ್ಳಿ. ಟ್ರಿಪಲ್-ಎಯಲ್ಲಿ ಹೆಸರುಗಳು ದಿನ ಬೆಳಗಾದರೆ ಬದಲಾಗುತ್ತವೆ. "ಹೇ, ನಂಬರ್ 12!" ಅಂದರೆ ತಿರುಗದವನು ಹೆಸರು ಹಿಡಿದು ಕರೆದರೆ ಬರುತ್ತಾನೆ.

ಚೆಂಡು ಹಿಡಿಯುವ ವಿಷಯದಲ್ಲಿ ಮೈದಾನದ ಎಡಭಾಗ ದಂಡ. ಅಲ್ಲಿ 'ಬ್ಲೂ ಮಾನ್‌ಸ್ಟರ್' ಅನ್ನುವ 32 ಅಡಿ ಎತ್ತರದ ಗೋಡೆ ಇದೆ. ಬ್ಯಾಟು ಬೀಸುವವನು ನಿಲ್ಲುವ ಹೋಮ್ ಪ್ಲೇಟಿನಿಂದ 305 ಅಡಿಯಷ್ಟೇ ದೂರ, ಆದರೂ ಬೇರೆ ಕಡೆ ಹೋಮ್ ರನ್ ಆಗುತ್ತಿದ್ದ ಎಷ್ಟೋ ಹೊಡೆತ ಗೋಡೆಗೆ ಬಡಿದು ಮೈದಾನಕ್ಕೇ ಮರಳುತ್ತವೆ. (ಅಲ್ಲಿರುವ ಗೂಳಿಯ ಫಲಕಕ್ಕೆ ಚೆಂಡು ತಾಗಿಸಿದ ಆಟಗಾರನಿಗೆ ಸ್ಟೇಕ್, ಫಲಕದಲ್ಲೇ ಇರುವ ಹುಲ್ಲಿಗೆ ತಾಗಿಸಿದರೆ ಸಲಾಡ್. ನೋಡುಗರಿಗೆ ಮಜಾ ಮಾತ್ರ!) ಚೆಂಡು ಬೇಕಿದ್ದರೆ ಡಗ್‌ಔಟ್ ಹಿಂದೆ ಕೂತು, ಮೂರನೇ ಔಟ್ ಆಗಿ ಸರದಿ ಮುಗಿದಾಗ ಆಟಗಾರ ಮೇಲಕ್ಕೆ ಎಸೆಯುವುದನ್ನು ಕಾಯಬೇಕು. ಸಿಕ್ಕರೆ ಒಳ್ಳೆಯ ಮಾಲು: 2019ರಿಂದ ಟ್ರಿಪಲ್-ಎಯಲ್ಲಿ ಆಡುವುದು ಮೇಜರ್ ಲೀಗಿನ ಬಗೆಯ ಚೆಂಡಿನಲ್ಲೇ.

ಆದರೆ ಆ ಚೆಂಡಿನ ಮೇಲೆ ಸಹಿ ಹಾಕಿಸಬೇಡಿ. ಹೊಳಪು ತೆಗೆಯಲು ಆಟಕ್ಕೆ ಮುಂಚೆ ಮಣ್ಣು ಉಜ್ಜಿರುತ್ತಾರೆ, ಶಾಯಿ ಎದ್ದು ಕಾಣುವುದಿಲ್ಲ. ಸಹಿಗೆ ಹೊಸ ಚರ್ಮದ ಚೆಂಡು ಬೇರೆ ಒಯ್ಯಿರಿ. ಲೋಗೊ ಅಚ್ಚಾದ ಅಗ್ಗದ ಸ್ಮರಣಿಕೆ ಚೆಂಡುಗಳ ಮೈ ಹೆಚ್ಚಾಗಿ ಸಿಂಥೆಟಿಕ್. ಪೆನ್ನು ಜಾರುತ್ತದೆ, ಶಾಯಿ ಒರೆಸಿಹೋಗುತ್ತದೆ. ಪೆನ್ನು ನೀಲಿ ಬಾಲ್‌ಪಾಯಿಂಟೇ ಆಗಿರಲಿ. ಮಾರ್ಕರ್ ಆಟಗಾರರ ಚಿತ್ರದ ಕಾರ್ಡಿಗೆ ಚೆನ್ನ, ಚರ್ಮದ ಮೇಲೆ ವರ್ಷ ಕಳೆದಂತೆ ಹರಡಿ ಅಕ್ಷರದ ಸುತ್ತ ಮಸುಕು ಕಟ್ಟುತ್ತದೆ. ಎರಡು ಹೊಲಿಗೆ ಸಾಲು ತೀರಾ ಹತ್ತಿರ ಬರುವ ಜಾಗವೇ 'ಸ್ವೀಟ್ ಸ್ಪಾಟ್'. ಅದು ಮೇಲೆ ಬರುವ ಹಾಗೆ ಹಿಡಿದು, ಪೆನ್ನಿನ ಮುಚ್ಚಳ ತೆಗೆದೇ ಕೊಡಿ.

ಸಹಿ ಆದ ಮೇಲೆ ಹೊಲಿಗೆಯನ್ನಷ್ಟೇ ಹಿಡಿಯಿರಿ. ಬೆರಳಿನ ಜಿಡ್ಡು ಚರ್ಮವನ್ನು ಹಳದಿ ಮಾಡುತ್ತದೆ. ಒಂದು ರಾತ್ರಿ ಒಣಗಿಸಿ ಡಬ್ಬಿಗೆ ಹಾಕಿ. ಯುವಿ ತಡೆಯುವ ಡಬ್ಬಿಯೇ ಆದರೂ ಕಿಟಕಿ ಎದುರಿನ ಕಪಾಟಿನಲ್ಲಿಡಬೇಡಿ, ಬಿಸಿಲಿಗೆ ಮೊದಲು ಮಾಸುವುದು ಶಾಯಿ.