20 ಮ್ಯಾಗ್ನೆಟ್, ಒಂದು ಅಂಗಿ ಗುಂಡಿ

ಹೋದ ತಿಂಗಳು ದಾವಣಗೆರೆಯ ಪಿ.ಬಿ. ರಸ್ತೆ ಕಡೆಯ ಒಂದು ಎಲೆಕ್ಟ್ರಾನಿಕ್ಸ್ ಅಂಗಡಿಯಿಂದ 20 ನಿಯೋಡಿಮಿಯಮ್ ಮ್ಯಾಗ್ನೆಟ್ ತಂದೆ. 10 ಮಿ.ಮೀ. ಅಗಲ, 3 ಮಿ.ಮೀ. ದಪ್ಪ, ಒಟ್ಟು 300 ರೂಪಾಯಿ. ನಾನು ಡಿಗ್ರಿ ಕ್ಲಾಸಿಗೆ ಫಿಸಿಕ್ಸ್ ಹೇಳಿಕೊಡುವವಳು, ಲೋಹದೊಳಗಿನ ಕಾಂತಗುಣವನ್ನು ಮಕ್ಕಳಿಗೆ ತೋರಿಸಲು ಇವು ಬೇಕಿದ್ದವು.

ಮೊದಲು ದೂರು ಹೇಳಿಬಿಡ್ತೀನಿ. ಎಲ್ಲವನ್ನೂ ಒಂದೇ ಕೋಲಿನ ಹಾಗೆ ಅಂಟಿಸಿ ಕೊಡುತ್ತಾರೆ. ಬಿಡಿಸುವಾಗ ಒಂದು ಹಾರಿ ಇನ್ನೊಂದಕ್ಕೆ ಟಪ್ ಅಂತ ಬಡಿಯಿತು. ಅಂಚಿನ ನಿಕ್ಕಲ್ ಲೇಪ ಎದ್ದು, ಒಳಗಿನ ಬೂದು ಪುಡಿ ಬೆರಳಿಗೆ ಹತ್ತಿತು. ಹೀಗೆ ಮೂರು ಹಾಳಾದವು. "ಬಿಚ್ಚಿದ ಮೇಲೆ ವಾಪಸ್ ಇಲ್ಲ ಮೇಡಂ" ಅಂದರು ಯಜಮಾನ್ರು. ಎಳೆಯಬೇಡಿ, ಪಕ್ಕಕ್ಕೆ ಜಾರಿಸಿ. ಬಿಸಿಗೂ ಇಡಬೇಡಿ, ಈ ಸಾದಾ ಜಾತಿ 80 ಡಿಗ್ರಿ ದಾಟಿದರೆ ಶಕ್ತಿ ಕಳೆದುಕೊಳ್ಳುತ್ತದೆ. ಡಿಸ್ಪ್ರೋಸಿಯಮ್ ಅನ್ನೋ ಲೋಹ ಬೆರೆಸಿದ್ದು ಹೆಚ್ಚು ಬಿಸಿ ತಡೆಯುತ್ತದೆ, ಆದರೆ ದುಬಾರಿ.

ಇನ್ನು ಕೆಲಸಕ್ಕೆ ಬಂದದ್ದು. ಥರ್ಮಾಕೋಲಿನಲ್ಲಿ ತ್ರಿಕೋನವಾಗಿ ಮೂರು ಕುಳಿ ಕೊರೆದೆ. ಅಕ್ಕಪಕ್ಕ ಮಲಗಿಸಿದ ಎರಡು ಮ್ಯಾಗ್ನೆಟ್‌ಗಳಲ್ಲಿ ಒಂದರ ಉತ್ತರ ಧ್ರುವ ಮೇಲಿದ್ದರೆ ಇನ್ನೊಂದರದು ಕೆಳಗಿರಬೇಕು, ಆಗಲೇ ನೆಮ್ಮದಿ. ಮೂರನೆಯದನ್ನು ಇಟ್ಟರೆ ಒಂದು ಎಳೆಯುತ್ತದೆ, ಇನ್ನೊಂದು ತಳ್ಳುತ್ತದೆ. ತಿರುಗಿಸಿ ಇಟ್ಟರೂ ಅದೇ ಕಥೆ. ಬೆರಳಿಗೇ ಗೊತ್ತಾಗುತ್ತದೆ. ಮೇಲೆ ಸೆಲ್ಲೋಟೇಪ್ ಹಾಕದಿದ್ದರೆ ಕುಳಿಯಿಂದಲೇ ಎಗರುತ್ತದೆ. "ಮೇಡಂ, ಪಾಪ ಅದು ಯಾರ ಮಾತು ಕೇಳಬೇಕು?" ಅಂದಳು ಒಬ್ಬ ಹುಡುಗಿ. ಆ ಇಕ್ಕಟ್ಟಿಗೇ ಫ್ರಸ್ಟ್ರೇಷನ್ ಅನ್ನೋದು.

ಆಮೇಲೆ ಮೂರನೆಯದನ್ನು ತೆಗೆದು ಅಲ್ಲಿ ಅಂಗಿ ಗುಂಡಿ ಇಟ್ಟೆ. ಉಳಿದೆರಡು ಸುಮ್ನೆ ಕೂತವು. ಡೋಪಿಂಗ್ ಅಂದರೆ ಹೀಗೇ, ಕೆಲವು ಪರಮಾಣು ತೆಗೆದು ಬೇರೆಯದನ್ನು ಕೂರಿಸುವುದು. ಮ್ಯಾಂಗನೀಸಿನ ಒಂದು ರೂಪವಾದ ಬೀಟಾ ಮ್ಯಾಂಗನೀಸ್ ಲೋಹದಲ್ಲಿ ಸ್ಪಿನ್‌ಗಳು, ಅಂದರೆ ಪರಮಾಣುಗಳ ಪುಟ್ಟ ಮ್ಯಾಗ್ನೆಟ್‌ಗಳು, ಇದೇ ಇಕ್ಕಟ್ಟಿನಿಂದ ತಣ್ಣಗಾದರೂ ಸಾಲುಗಟ್ಟದೆ ತೂಗಾಡುತ್ತಿರುತ್ತವೆ. ಒಂದಿಷ್ಟು ಮ್ಯಾಂಗನೀಸ್ ಜಾಗಕ್ಕೆ, ಗುಂಡಿಯ ಹಾಗೆ ಕಾಂತಗುಣವಿಲ್ಲದ ಅಲ್ಯೂಮಿನಿಯಮ್ ಬಂದರೆ, ಇದ್ದ ಇದ್ದ ದಿಕ್ಕಿಗೇ ಹೆಪ್ಪುಗಟ್ಟುತ್ತವೆ. ಅದು ಸ್ಪಿನ್ ಗ್ಲಾಸ್.

ಆದರೆ ಈ ಗುಂಡಿ ಆಟ ಎಲ್ಲದಕ್ಕೂ ಸಾಲದು. ಇಟ್ರಿಯಮ್ ಮತ್ತು ಮ್ಯಾಂಗನೀಸ್ ಸೇರಿದ ಒಂದು ಮಿಶ್ರಲೋಹವಿದೆ, ಒಂದು ಇಟ್ರಿಯಮ್‌ಗೆ ಎರಡು ಮ್ಯಾಂಗನೀಸ್. ಸುಮಾರು 100 ಕೆಲ್ವಿನ್‌ಗೆ (ಅಂದರೆ ಸೊನ್ನೆ ಸೆಲ್ಸಿಯಸ್‌ಗಿಂತ ಸುಮಾರು 173 ಡಿಗ್ರಿ ಕೆಳಕ್ಕೆ) ಇಳಿಸಿದರೆ ಅದರ ಸ್ಪಿನ್‌ಗಳು ಸಾಲುಗಟ್ಟುತ್ತವೆ, ಲೋಹವೇ ಸುಮಾರು 5% ಉಬ್ಬುತ್ತದೆ. ನೂರರಲ್ಲಿ ಬರೀ 3 ಇಟ್ರಿಯಮ್ ತೆಗೆದು ಸ್ಕ್ಯಾಂಡಿಯಮ್ ಹಾಕಿ, ಆ ಸಾಲೂ ಇಲ್ಲ, ಉಬ್ಬೂ ಇಲ್ಲ. ಇಲ್ಲಿ ಮ್ಯಾಂಗನೀಸನ್ನು ಯಾರೂ ಮುಟ್ಟಿಲ್ಲ ಅಲ್ವಾ? ಸ್ಕ್ಯಾಂಡಿಯಮ್ ಗಾತ್ರದಲ್ಲಿ ಚಿಕ್ಕದು, ಹಾಗಾಗಿ ಪರಮಾಣುಗಳ ಇಡೀ ಜಾಲರಿ ಒಳಕ್ಕೆ ಒತ್ತಿಕೊಳ್ಳುತ್ತದೆ. ಲೋಹದಲ್ಲಿ ಎಲೆಕ್ಟ್ರಾನ್ ಓಡಾಡುತ್ತಲೇ ಇರುತ್ತವೆ, ಪರಮಾಣುಗಳು ಹತ್ತಿರ ಬಂದರೆ ಮ್ಯಾಂಗನೀಸಿನ ಕಾಂತಗುಣವೇ ಅಲುಗಾಡುತ್ತದೆ. ಥರ್ಮಾಕೋಲ್ ಎಷ್ಟು ಒತ್ತಿದರೂ ಇದನ್ನು ತೋರಿಸಲಾಗಲಿಲ್ಲ, ಬೋರ್ಡಿಗೇ ಹೋಗಬೇಕಾಯಿತು.

ಐದಕ್ಕೆ ಮೂರೂವರೆ ಕೊಡ್ತೀನಿ. ಲೇಪ ಗಟ್ಟಿ ಇದ್ದಿದ್ದರೆ ಇನ್ನೂ ಜಾಸ್ತಿ ಕೊಡ್ತಿದ್ದೆ. ಅಂಚು ಹೋದ ಮೂರು ಈಗ ಸ್ಟಾಫ್ ರೂಮಿನ ಬೀರುವಿನ ಮೇಲೆ ಟೈಮ್ ಟೇಬಲ್ ಹಿಡಿದುಕೊಂಡಿವೆ.