ಡಿಶ್ ಕೂರಿಸಲು ಮೊಬೈಲೋ, ಮೀಟರೋ, ಬಿಸಿಲೋ?

ವಿಜಯಪುರದ ಮಾಳಿಗೆಗಳ ಮೇಲೆ ಇನ್ನೂ ಅಲ್ಲಲ್ಲಿ ಹಳೇ ಕಡ್ಡಿ ಆಂಟೆನಾ ಕಾಣುತ್ತವೆ. ಅವುಗಳಿಗೆ ಈಗ ಕೆಲಸವಿಲ್ಲ. ದೂರದರ್ಶನ ತನ್ನ ಅನಲಾಗ್ ಟವರ್‌ಗಳನ್ನು 2022ರ ಹೊತ್ತಿಗೆ ಬಹುತೇಕ ನಿಲ್ಲಿಸಿತು. ತಿಂಗಳ ದುಡ್ಡು ಕಟ್ಟದೆ ಟಿವಿಯಲ್ಲಿ ಚಂದನ ನೋಡಲು ದೂರದರ್ಶನದ ಉಚಿತ ಡಿಶ್ ಸೇವೆ ಡಿಡಿ ಫ್ರೀ ಡಿಶ್ ಒಳ್ಳೆಯ ದಾರಿ. ಅದು ಬರುವುದು 93.5 ಡಿಗ್ರಿ ಪೂರ್ವ ರೇಖಾಂಶದ ಮೇಲಿರುವ ಜಿಸ್ಯಾಟ್-15 ಉಪಗ್ರಹದಿಂದ. ನಮ್ಮೂರಿನಿಂದ ನೋಡಿದರೆ ಆಗ್ನೇಯ ದಿಕ್ಕು. ದಿಕ್ಸೂಚಿಯಲ್ಲಿ ಸುಮಾರು 132 ಡಿಗ್ರಿ, ದಿಗಂತದಿಂದ ಮೇಲಕ್ಕೆ ಎತ್ತರ 61-62 ಡಿಗ್ರಿ.

ಆ ಜಾಗ ಹಿಡಿಯಲು ಮೂರು ದಾರಿ ನೋಡಿದೆ.

ಮೊಬೈಲ್ ಆ್ಯಪ್ ಬೇಗ ದಿಕ್ಕು ತೋರಿಸುತ್ತದೆ. ಆದರೆ ಕಬ್ಬಿಣದ ಪೈಪಿನ ಹತ್ತಿರ ಹಿಡಿದರೆ ಮುಳ್ಳು ಎತ್ತೆತ್ತಲೋ ತಿರುಗುತ್ತದೆ. ನಾಲ್ಕು ಹೆಜ್ಜೆ ದೂರ ನಿಂತು, ಆ ದಿಕ್ಕಿನಲ್ಲಿರುವ ಯಾವುದೋ ಮನೆಯ ಮೂಲೆಯನ್ನು ಗುರುತು ಇಟ್ಟುಕೊಂಡು, ಅದರ ಕಡೆಗೆ ಡಿಶ್ ತಿರುಗಿಸುವುದೇ ಸರಿ.

ಡಿಶ್ಶಿನ ಕೇಬಲ್ಲಿಗೆ ಸಿಕ್ಕಿಸುವ ಬೀಪ್ ಮೀಟರ್ ನನಗೆ ಅಷ್ಟು ಹಿಡಿಸಲಿಲ್ಲ. ಉಪಗ್ರಹ ಸಿಕ್ಕರೆ ಕೂಗುತ್ತದೆ, ಯಾವ ಉಪಗ್ರಹ ಅಂತ ಹೇಳುವುದಿಲ್ಲ. ಸನ್ ಡೈರೆಕ್ಟ್ ಬಳಸುವ 91.5, ಡಿಶ್ ಟಿವಿಯ 95 ಡಿಗ್ರಿ ಎರಡೂ ನಮ್ಮ 93.5ರ ಅಕ್ಕಪಕ್ಕದಲ್ಲೇ ಇವೆ. ಮೀಟರ್ ಜೋರಾಗಿ ಕೂಗುತ್ತಿದ್ದರೂ ಸೆಟ್‌ಟಾಪ್ ಬಾಕ್ಸಿನಲ್ಲಿ ಒಂದು ಚಾನೆಲ್ಲೂ ಬರಲಿಲ್ಲ. ಸರಿಯಾದ ಉಪಗ್ರಹ ಸಿಕ್ಕ ಮೇಲೆ ಇನ್ನಷ್ಟು ಬಿಗಿ ಹಿಡಿಯಲು ಬೇಕಾದರೆ ಬಳಸಬಹುದು.

ನನಗೆ ತುಂಬ ಇಷ್ಟವಾದದ್ದು ಬಿಸಿಲು. ಮಾರ್ಚ್ ಮಧ್ಯದಲ್ಲಿ ಬೆಳಿಗ್ಗೆ ಹನ್ನೊಂದೂಕಾಲರ ಸುಮಾರಿಗೆ, ಮತ್ತೆ ಅಕ್ಟೋಬರ್ ಶುರುವಿನಲ್ಲಿ ಹನ್ನೊಂದಕ್ಕೆ ಸ್ವಲ್ಪ ಮೊದಲು, ಸೂರ್ಯ ಹೆಚ್ಚುಕಡಿಮೆ ಈ ಉಪಗ್ರಹದ ಹಿಂದೆಯೇ ಬರುತ್ತಾನೆ. ಆ ಹೊತ್ತಿಗೆ ಡಿಶ್ ಇಡುವ ಜಾಗಕ್ಕೆ ಬೇವಿನ ಮರದ ನೆರಳು ಬಿದ್ದರೆ ಸಿಗ್ನಲ್ಲಿಗೂ ಅದೇ ಅಡ್ಡ. ಪೂರ್ತಿ ಬಿಸಿಲಿದ್ದರೆ ದಾರಿ ಖುಲ್ಲಾ. ನೆಟ್ಟಗೆ ನಿಲ್ಲಿಸಿದ ಪೈಪಿನ ನೆರಳಿಗೆ ಎದುರು ದಿಕ್ಕೇ ಡಿಶ್ಶಿನ ದಿಕ್ಕು. ಇಷ್ಟು ಖಚಿತವಾಗಿ ಮೊಬೈಲ್ ನನಗೆ ಎಂದೂ ತೋರಿಸಿಲ್ಲ. ಆ ದಿನಗಳಲ್ಲಿ ಕೆಲವು ನಿಮಿಷ ಚಿತ್ರ ಒಡೆದರೆ ಗಾಬರಿ ಬೇಡ, ಸೂರ್ಯನಿಂದ ಬರುವ ರೇಡಿಯೋ ಅಲೆಗಳೇ ಸಿಗ್ನಲ್ಲಿಗೆ ಗದ್ದಲ ಆಗುತ್ತವೆ. ವರ್ಷಕ್ಕೆ ಎರಡೇ ಸಲ ಸಿಗುವ ದಾರಿ ಇದು, ಉಳಿದ ದಿನ ಮೊಬೈಲೇ ಗತಿ.

ಎತ್ತರವನ್ನು ಡಿಶ್ಶಿನ ಮುಖ ನೋಡಿ ಅಂದಾಜು ಮಾಡಬೇಡಿ. ಎಲ್‌ಎನ್‌ಬಿ (ಸಿಗ್ನಲ್ ಹಿಡಿಯುವ ಪುಟ್ಟ ಡಬ್ಬಿ) ಕೆಳಗಿನ ತೋಳಿನ ಮೇಲೆ ಕೂರುವ ಈ ಡಿಶ್‌ಗಳು ನೋಡಲು ಹೆಚ್ಚು ನೆಟ್ಟಗೆ ಕಂಡರೂ ಹಿಡಿಯುವುದು ಮೇಲಿನದ್ದನ್ನು. ಡಿಶ್ಶಿನ ಬೆನ್ನಿಗಿರುವ ಪಟ್ಟಿಯ ಮೇಲಿನ ಡಿಗ್ರಿ ಅಂಕಿ ನೋಡಿ.

ಯಾವ ದಾರಿ ಹಿಡಿದರೂ ಕೊನೆಯ ಮಾತು ಬಾಕ್ಸಿನದ್ದೇ. ಅದರಲ್ಲಿ ಸ್ಟ್ರೆಂಗ್ತ್ ಬೇರೆ, ಕ್ವಾಲಿಟಿ ಬೇರೆ. ಸ್ಟ್ರೆಂಗ್ತ್ ಜಾಸ್ತಿ ಇದ್ದು ಕ್ವಾಲಿಟಿ ಸೊನ್ನೆ ಇದ್ದರೆ ಸುಮ್ನೆ ಗದ್ದಲ, ಇಲ್ಲವೇ ಪಕ್ಕದ ಉಪಗ್ರಹ. ತಂಗಿ ಟಿವಿ ಮುಂದೆ ಕೂತು ಫೋನಿನಲ್ಲಿ, "ಅಣ್ಣಾ ತಡಿ, ಈಗ ಏರಾಕತ್ತೈತಿ" ಅಂದಾಗ ನನಗಾದ ಖುಷಿ ದೊಡ್ಡದು. ಬಾಕ್ಸಿನ ಅಂಕಿ ಒಂದೆರಡು ಸೆಕೆಂಡ್ ತಡವಾಗಿ ಬದಲಾಗುತ್ತದೆ, ಹಾಗಾಗಿ ಕೂದಲೆಳೆಯಷ್ಟು ತಿರುಗಿಸಿ, ನಿಲ್ಲಿಸಿ, ಕೇಳಿ. ಆಮೇಲೆ ಎಲ್‌ಎನ್‌ಬಿಯನ್ನೂ ಅದರ ಹಿಡಿಕೆಯಲ್ಲೇ ನಿಧಾನ ಹೊರಳಿಸಿ ನೋಡಿ, ಕ್ವಾಲಿಟಿ ಇನ್ನೂ ಏರಬಹುದು. ಬೋಲ್ಟುಗಳನ್ನು ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಒಂದನ್ನೇ ಪೂರ್ತಿ ಬಿಗಿದರೆ ಡಿಶ್ ಆ ಕಡೆಗೆ ಎಳೆಯುತ್ತದೆ.